ಲೀನಾ ಬ್ರಯಂಟ್ ಪ್ರಬಂಧ ಮುಗೀತು, ಎಲ್ಲರಿಗೂ ಥ್ಯಾಂಕ್ಸ್

ಕಳೆದ ವಾರ ನನ್ನ ಎಂ.ಎ. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿತು. ನ್ಯೂಯಾರ್ಕಿನ ರೆಡಿಮೇಡ್ ಬಟ್ಟೆ ವ್ಯಾಪಾರವನ್ನು ಬೆಳೆಸಿದ ಯಹೂದಿ ವಲಸಿಗರ ಬಗ್ಗೆ, ಅದರಲ್ಲೂ ಲೀನಾ ಬ್ರಯಂಟ್ ಬಗ್ಗೆ ಬರೆದದ್ದು. ಎರಡು ವರ್ಷ ಊಟಕ್ಕೆ ಕೂತರೂ ಲೀನಾ, ಫೋನ್ ಎತ್ತಿದರೂ ಲೀನಾ. ಸಹಿಸಿಕೊಂಡ ಎಲ್ಲರಿಗೂ ನಮಸ್ಕಾರ.

ಈಗಷ್ಟೇ ಕೇಳುತ್ತಿರುವವರಿಗೆ: ಲೀನಾ 1895ರಲ್ಲಿ ಲಿಥುವೇನಿಯಾದಿಂದ ನ್ಯೂಯಾರ್ಕಿಗೆ ಬಂದವಳು. ಇನ್ನೂ ಹದಿಹರೆಯ. ಬಂದವಳೇ ಹೊಲಿಗೆ ಕೆಲಸಕ್ಕೆ ಸೇರಿದಳು. ಮಗ ಹುಟ್ಟಿದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡ. ಅವನು ಕೊಟ್ಟಿದ್ದ ವಜ್ರದ ಓಲೆ ಅಡವಿಟ್ಟು ಹೊಲಿಗೆ ಮಷೀನು ತಂದಳು. 1904ರಲ್ಲಿ ಫಿಫ್ತ್ ಅವೆನ್ಯೂದಲ್ಲಿ ಸ್ವಂತ ಅಂಗಡಿ. ಬ್ಯಾಂಕಿನ ಕಾಗದದಲ್ಲಿ ಲೀನಾ ಅನ್ನುವುದು ಲೇನ್ ಆಗಿ, ಅಂಗಡಿಗೆ ಲೇನ್ ಬ್ರಯಂಟ್ ಅಂತಲೇ ಹೆಸರು ನಿಂತಿತು.

ಬಸುರಿ ಗಿರಾಕಿಯೊಬ್ಬಳು ಹೊರಗೆ ಓಡಾಡಲು ಒಂದು ಉಡುಪು ಕೇಳಿದಳು. ಲೀನಾ ಮೇಲಿನ ಭಾಗಕ್ಕೆ ನಿರಿಗೆ ಲಂಗವನ್ನು ಎಲಾಸ್ಟಿಕ್ ಪಟ್ಟಿ ಕೊಟ್ಟು ಜೋಡಿಸಿದಳು. ಇದನ್ನು ಓದಿದರೆ ತಲೆಗೆ ಹತ್ತುವುದಿಲ್ಲ. ಇಲ್ಲಿನ ನಿವೃತ್ತ ಕಟಿಂಗ್ ಮಾಸ್ಟರ್ ಒಬ್ಬರು ಹಳೇ ಬೆಡ್‌ಶೀಟಿನಲ್ಲಿ ಹೊಲಿದೇ ತೋರಿಸಿದರು. ಲಂಗದ ಸೊಂಟಪಟ್ಟಿಯೊಳಗೆ ಎರಡೂ ಕೈ ತೂರಿಸಿ ಅಗಲಿಸಿದರು. ನಿರಿಗೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೈ ತೆಗೆದರೆ ಮತ್ತೆ ಮೊದಲಿನ ಹಾಗೆ. ಐದನೇ ತಿಂಗಳಿಗೂ ಅದೇ, ಒಂಬತ್ತನೇ ತಿಂಗಳಿಗೂ ಅದೇ! ಮಾಸ್ಟರ್, ನಿಮ್ಮ ಋಣ ದೊಡ್ಡದು.

ಇಂಥ ಬಟ್ಟೆಯ ಜಾಹೀರಾತನ್ನು ಪತ್ರಿಕೆಗಳು ಹಾಕುತ್ತಲೇ ಇರಲಿಲ್ಲ. ಬಸುರಿ ಅನ್ನುವುದೇ ನಾಚಿಕೆಯ ವಿಷಯ ಅಲ್ವಾ! 1911ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಒಪ್ಪಿತು. ಆ ಕಾಲದ ಪತ್ರಿಕೆಗಳ ಮೈಕ್ರೋಫಿಲ್ಮ್ (ಪುಟಗಳ ಪುಟಾಣಿ ಫೋಟೋ) ಸುರುಳಿಗಳನ್ನು ಬೇಜಾರಿಲ್ಲದೆ ತಂದುಕೊಟ್ಟ ಲೈಬ್ರರಿಯವರಿಗೆ ಥ್ಯಾಂಕ್ಸ್.

ಅದೇ ವರ್ಷ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ಯಹೂದಿ ಮತ್ತು ಇಟಾಲಿಯನ್ ಹುಡುಗಿಯರು. ಹೊರಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಮಾಲೀಕರಾದ ಬ್ಲ್ಯಾಂಕ್ ಮತ್ತು ಹ್ಯಾರಿಸ್ ಕೂಡ ವಲಸೆ ಬಂದ ಯಹೂದಿಗಳೇ. "ಗೆದ್ದವರ ಕತೆ ಮಾತ್ರ ಬರೆದರೆ ನಾನು ಸಹಿ ಹಾಕಲ್ಲ" ಅಂದರು ಗೈಡ್ ಮೇಡಂ. ಹಾಗಂದಿದ್ದಕ್ಕೇ ಅವರಿಗೆ ಜಾಸ್ತಿ ಥ್ಯಾಂಕ್ಸ್.

ಇನ್ನು ನಮ್ಮ ಕನ್ನಡ ಕೂಟದ ಅಕ್ಕಂದಿರು. ಲೀನಾಳ ಎರಡನೇ ಗಂಡ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರು. ದಪ್ಪ ಇರುವ ಹೆಂಗಸರಿಗೆ ರೆಡಿಮೇಡ್ ಹೊಲಿಸಬೇಕೆಂದು ಗಂಡ ಹೆಂಡತಿ ಸುಮಾರು 4,500 ಗಿರಾಕಿಗಳ ಅಳತೆ ನೋಡಿದರು. ಸಾಲದೆಂದು ವಿಮಾ ಕಂಪನಿಯಲ್ಲಿದ್ದ ಹೆಂಗಸರ ಅಳತೆಯ ಲೆಕ್ಕವನ್ನೂ ತರಿಸಿದರು. ದಪ್ಪ ಎಂದರೆ ಎಲ್ಲರೂ ಒಂದೇ ಆಕಾರವಲ್ಲ ಅಂತ ಗೊತ್ತಾಯಿತು. 1923ರ ಹೊತ್ತಿಗೆ ಈ ಬಟ್ಟೆಗಳ ವ್ಯಾಪಾರ ಬಸುರಿಯರ ಬಟ್ಟೆಗಿಂತ ಮುಂದೆ ಹೋಗಿತ್ತು. ಆಕಾರ ಬೇರೆ ಬೇರೆ ಅನ್ನುವುದನ್ನು ನಾನೂ ನೋಡೋಣ ಅಂತ ಟೇಪು ಹಿಡಿದು ಬಂದಾಗ ನೀವು ಓಡಿಹೋಗಲಿಲ್ಲ. ಒಬ್ಬರದು ಸೊಂಟ ಅಗಲ, ಇನ್ನೊಬ್ಬರದು ಎದೆ. ಎಲ್ಲರ ಸೈಜೂ ಅಂಗಡಿಯಲ್ಲಿ ಎಕ್ಸ್‌ಎಲ್ಲೇ!

ಅತ್ತೆ, ಊರಿಂದ ಬಂದು ಮಗುವನ್ನು ನೋಡಿಕೊಂಡಿರಿ. ನೀವಿಲ್ಲದಿದ್ದರೆ ಇದು ಮುಗಿಯುತ್ತಿರಲಿಲ್ಲ.

ಪ್ರಬಂಧ ಬೇಕಾದವರು ಕೇಳಿ, ಕಳಿಸುತ್ತೇನೆ. ಅಕ್ಕಂದಿರೇ, ನಿಮ್ಮ ಅಳತೆಗಳಿವೆ, ಹೆಸರಿಲ್ಲ. ಗಾಬರಿ ಬೇಡ.