ಮಂಟಪಗಳ ಗದೆಗೆ ಲಕ್ಷಣವಿರಲಿ

ಮಾನ್ಯರೇ,

ಮಡಿಕೇರಿ ದಸರಾದ ದಶಮಂಟಪಗಳ (ಹತ್ತು ದೇವಾಲಯಗಳು ಮೆರವಣಿಗೆಗೆ ಹೊರಡಿಸುವ ಮೂರ್ತಿಗಳ ಮಂಟಪಗಳು) ಸಿದ್ಧತೆ ಆರಂಭವಾಗುವ ಮುನ್ನ ಮಂಟಪ ಸಮಿತಿಗಳಲ್ಲಿ ಒಂದು ವಿನಂತಿ. ವಿಜಯದಶಮಿಯ ರಾತ್ರಿ ಹೊರಡುವ ಮೂರ್ತಿಗಳಲ್ಲಿ ವಿಷ್ಣು, ಆಂಜನೇಯ, ಭೀಮ, ಅಸುರ ಎಂಬ ಭೇದವಿಲ್ಲದೆ ಎಲ್ಲರ ಕೈಗೂ ಚಿನ್ನದ ಬಣ್ಣ ಬಳಿದ ಒಂದೇ ಅಚ್ಚಿನ ಗದೆ ಕೊಡುವುದು ಕಾಣುತ್ತಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ ದಿನ ಒಡಿಕತ್ತಿ, ಕೋವಿಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುವ ನಾಡಿನಲ್ಲಿ ಆಯುಧದ ವಿಷಯದಲ್ಲಿ ಈ ಉದಾಸೀನ ಸಲ್ಲದು.

ವಿಷ್ಣುವಿನ ಇಪ್ಪತ್ನಾಲ್ಕು ಮೂರ್ತಿಗಳಿಗೆ ಹೆಸರು ಬರುವುದೇ ಶಂಖ, ಚಕ್ರ, ಗದೆ, ಪದ್ಮಗಳು ಯಾವ ಯಾವ ಕೈಯಲ್ಲಿವೆ ಎಂಬುದರಿಂದ. ಕೆಳಗಿನ ಬಲಗೈಯಲ್ಲಿ ಪದ್ಮ, ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ ಇದ್ದರೆ ಕೇಶವ; ಗದೆ ಮತ್ತು ಪದ್ಮ, ಶಂಖ ಮತ್ತು ಚಕ್ರ ಪರಸ್ಪರ ಸ್ಥಾನ ಬದಲಿಸಿದರೆ ಅದೇ ವಿಗ್ರಹ ಮಾಧವ. ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲಿ ಪಾಲಿಸಿದ ಈ ಕ್ರಮವನ್ನು ನಾವು ಥರ್ಮೋಕೋಲಿನಲ್ಲಿ ಪಾಲಿಸಲಾರೆವೇ?

ಆಂಜನೇಯನ ಮಾತು ಬೇರೆ. ವಾಲ್ಮೀಕಿಯ ಸುಂದರಕಾಂಡದಲ್ಲಿ ಅವನು ರಾವಣನ ಕಿಂಕರರೆಂಬ ರಾಕ್ಷಸರನ್ನು ಬಡಿದದ್ದು ತೋರಣದ್ವಾರದ ಕಬ್ಬಿಣದ ಅಗುಳಿಯಿಂದ. ಮಾಧ್ವ ಯತಿ ವ್ಯಾಸರಾಯರ ಪ್ರತಿಷ್ಠೆಯೆಂದು ಪೂಜೆಗೊಳ್ಳುವ ಪ್ರಾಣದೇವರ, ಅಂದರೆ ಆಂಜನೇಯನ, ಮೂರ್ತಿಗಳಲ್ಲಿ ಸಾಮಾನ್ಯವಾಗಿ ಬಲಗೈ ಮೇಲೆತ್ತಿರುತ್ತದೆ, ಎಡಗೈಯಲ್ಲಿ ಹೂವಿರುತ್ತದೆ. ಗದೆ ಹಿಡಿದ ಹನುಮಂತನೂ ಭಕ್ತರಿಗೆ ಪ್ರಿಯನೇ, ಆಕ್ಷೇಪವಿಲ್ಲ; ಆದರೆ ನಮ್ಮದೇ ನಾಡಿನ ಆ ರೂಪವನ್ನು ಒಂದು ಮಂಟಪವಾದರೂ ತೋರಿಸಲಿ.

ಹೆಚ್ಚಿನ ಎಚ್ಚರ ಬೇಕಾದದ್ದು ಭೀಮ–ದುರ್ಯೋಧನರ ಪ್ರಸಂಗಕ್ಕೆ. ಭೀಮನ ಕೈಯ ಗದೆ ದಾನವರಾಜ ವೃಷಪರ್ವನದು. ಅದನ್ನು ಅಸುರಶಿಲ್ಪಿ ಮಯನು ಬಿಂದುಸರೋವರದಿಂದ ತಂದುಕೊಟ್ಟನೆಂದು ಸಭಾಪರ್ವ ಹೇಳುತ್ತದೆ. ಅಂಥ ಆಯುಧಕ್ಕೂ ಕಟ್ಟಳೆಯಿತ್ತು: ನಾಭಿಯಿಂದ ಕೆಳಗೆ ಹೊಡೆಯಬಾರದು. ಭೀಮ ತೊಡೆ ಮುರಿದಾಗ, ಇಬ್ಬರಿಗೂ ಗದಾವಿದ್ಯೆ ಕಲಿಸಿದ್ದ ಬಲರಾಮ ಕೆರಳಿ ನೇಗಿಲೆತ್ತಿ ನುಗ್ಗಿದ. ಕೃಷ್ಣ ಅವನನ್ನು ಎರಡೂ ತೋಳುಗಳಿಂದ ಅಪ್ಪಿ ಹಿಡಿದು ತಡೆಯಬೇಕಾಯಿತು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದ ರನ್ನ ಕೂಡ ದುರ್ಯೋಧನನ ಛಲವನ್ನು ಮರೆಮಾಚಲಿಲ್ಲ. ಹೀಗಿರುವಾಗ ತೊಡೆ ಮುರಿಯುವ ಕ್ಷಣಕ್ಕೆ ಪಟಾಕಿಯ ಸದ್ದು, ಕೆಂಪು ದೀಪ ಹಾಕಿ ಮುಗಿಸಿದರೆ ನೋಡಲು ಬಂದ ಮಕ್ಕಳಿಗೆ ಅರ್ಧ ಕಥೆಯನ್ನಷ್ಟೇ ಹೇಳಿದಂತಾಗುತ್ತದೆ. ನೇಗಿಲೆತ್ತಿದ ಬಲರಾಮನೂ ಆ ಮಂಟಪದಲ್ಲಿ ಇರಲೇಬೇಕು.

ಮೂರ್ತಿಗಳಿಗೆ ಮುಂಗಡ ಕೊಡುವ ಮೊದಲು ನಕ್ಷೆಯನ್ನು ಆಯಾ ದೇವಾಲಯದ ಅರ್ಚಕರಿಗೋ ಬಲ್ಲ ಶಿಲ್ಪಿಗೋ ತೋರಿಸಬೇಕೆಂದು ಸಮಿತಿಗಳನ್ನು ಕೋರುತ್ತೇನೆ. ತೀರ್ಪುಗಾರರು ಬೆಳಕು, ಧ್ವನಿ, ಚಲನೆಗಳ ಜೊತೆಗೆ ಆಯುಧಲಕ್ಷಣಕ್ಕೂ ಅಂಕ ಮೀಸಲಿಡಲಿ.

– ಓದುಗ, ಮಡಿಕೇರಿ