ಮೊದಲು ಆ ಹುಡುಗನ ಮಾತು ಕೇಳು

ಪ್ರೀತಿಯ ಸಹನಾಗೆ ಮಾವನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಪೂರ್ತಿ ಮಾತಾಡಲು ಆಗಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಆಫೀಸಿನ ಹುಡುಗ ಏನೋ ಪೋಸ್ಟ್ ಹಾಕಿದ, ಅವನನ್ನು ಕಿತ್ತು ಹಾಕಿ ಅಂತ ಊರವರೆಲ್ಲ ಕಂಪನಿಯನ್ನು ಟ್ಯಾಗ್ ಮಾಡುತ್ತಿದ್ದಾರೆ, ಎಚ್‌ಆರ್ ಆದ ನೀನು ಇವತ್ತೇ ಪತ್ರ ಕೊಡಬೇಕು ಅಂತ ಮೇಲಿನವರು ಕೂತಿದ್ದಾರೆ. ಅವಸರ ಮಾಡಬೇಡಮ್ಮ.

ಏನು ಬರೆದರೂ ಕೆಲಸ ತೆಗೆಯಬಾರದು ಅಂತ ನಾನು ಹೇಳುತ್ತಿಲ್ಲ. 2024ರಲ್ಲಿ ಬೆಂಗಳೂರಲ್ಲೇ ಒಬ್ಬ, ಹೆಂಗಸೊಬ್ಬಳ ಬಟ್ಟೆ ಸರಿಯಿಲ್ಲ, ಆಸಿಡ್ ಹಾಕುತ್ತೇನೆ ಅಂತ ಅವಳ ಗಂಡನಿಗೇ ಮೆಸೇಜ್ ಕಳಿಸಿದ. ಅವನ ಕೆಲಸ ಹೋಯಿತು, ಹೋಗಲೇಬೇಕಿತ್ತು. ಅಂಥವನ ಪಕ್ಕದ ಸೀಟಿನಲ್ಲಿ ಹೆಣ್ಣುಮಕ್ಕಳು ಯಾವ ಧೈರ್ಯದ ಮೇಲೆ ಕೂರಬೇಕು? 2020ರ ಮಾರ್ಚ್‌ನಲ್ಲಿ ಹೊರಗೆ ಹೋಗಿ ಸೀನಿ, ವೈರಸ್ ಹರಡಿ ಅಂತ ಬರೆದವನನ್ನು ಇನ್ಫೋಸಿಸ್ ತೆಗೆಯಿತು. ಅಲ್ಲೂ ಬರೆದವನು ಇವನೇನಾ ಅಂತ ವಿಚಾರಿಸಿ, ಆಮೇಲೆ ತೆಗೆದರು.

ಅದೇ ವರ್ಷ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಏನಾಯಿತು ನೋಡು. ಗ್ಯಾಸ್ ಮತ್ತು ಕರೆಂಟ್ ಕಂಪನಿಯ ಒಬ್ಬ ಕೆಲಸಗಾರ ಕಂಪನಿ ಗಾಡಿ ಓಡಿಸುತ್ತಾ ಕೈ ಕಿಟಕಿಯಾಚೆ ಇಟ್ಟಿದ್ದ. ಬೆರಳು ಮಡಚಿದ್ದು ಬಿಳಿಯರೇ ಮೇಲು ಅನ್ನುವವರ ಸಂಕೇತ ಅಂತ ಯಾರೋ ಫೋಟೋ ತೆಗೆದು ಹಾಕಿದರು. ಸುಮ್ನೆ ಬೆರಳಿನ ನೆಟಿಕೆ ಮುರಿಯುತ್ತಿದ್ದೆ ಅಂತ ಅವನು ಹೇಳಿದ. ಅವನ ಮನೆಯವರು ಮೆಕ್ಸಿಕೋ ಮೂಲದವರು ಬೇರೆ. ಕೆಲವೇ ದಿನದಲ್ಲಿ ಕೆಲಸ ಹೋಯಿತು. ಫೋಟೋ ಹಾಕಿದವನೇ ಆಮೇಲೆ ಅದನ್ನು ಅಳಿಸಿದ. ಅಳಿಸಿದರೆ ಇವನ ಸಂಬಳ ವಾಪಸ್ ಬರುತ್ತದಾ?

ಬೈಯುವ ಜನ ನಾಳೆ ಇನ್ನೊಬ್ಬನನ್ನು ಹುಡುಕಿಕೊಂಡು ಹೋಗುತ್ತಾರೆ. ಮನೆ ಬಾಡಿಗೆ ಕಟ್ಟಬೇಕಾದವನು ಈ ಹುಡುಗ.

ನಮ್ಮ ಕಾರ್ಖಾನೆಯಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೂ ಶೋಕಾಸ್ ನೋಟೀಸ್ ಕೊಡುತ್ತಿದ್ದೆವು, ವಿಚಾರಣೆಗೆ ಜೊತೆಗೊಬ್ಬ ಸಹೋದ್ಯೋಗಿಯನ್ನು ಕರೆತರಬಹುದಿತ್ತು, ಅವನು ಹೇಳಿದ್ದನ್ನೆಲ್ಲ ಬರೆದುಕೊಂಡು ಸಹಿ ಹಾಕಿಸುತ್ತಿದ್ದೆವು. ನಿಮ್ಮಲ್ಲಿ ನೋಟೀಸ್ ಪೀರಿಯಡ್ ಸಂಬಳ ಕೈಗಿಟ್ಟು, ಲ್ಯಾಪ್‌ಟಾಪ್ ಕಿತ್ತುಕೊಂಡು ಗೇಟಿನವರೆಗೆ ಬಿಟ್ಟು ಬರುವುದು ಸುಲಭ, ಅದಕ್ಕೇ ನನಗೆ ಭಯ ಜಾಸ್ತಿ.

ಅವನನ್ನು ಕರೆದು ಕೂರಿಸಿಕೋ. ಅಕೌಂಟ್ ಅವನದೇನಾ, ಪೂರ್ತಿ ಪೋಸ್ಟ್ ಏನಿತ್ತು, ಯಾರಿಗಾದರೂ ಬೆದರಿಕೆ ಹಾಕಿದ್ದಾನಾ ಅಂತ ಕೇಳಿ, ಬರೆದು ಕೊಡು ಅನ್ನು. ಅಲ್ಲಿಯವರೆಗೆ ಸಂಬಳ ಸಮೇತ ರಜೆ ಕೊಡಿ. ಮೇಲಿನವರು ಒಪ್ಪದಿದ್ದರೆ ನಿನ್ನ ಅಭಿಪ್ರಾಯವನ್ನು ಬಾಯಲ್ಲಿ ಹೇಳಬೇಡ, ಮೇಲ್‌ನಲ್ಲೇ ಹಾಕು. ರಾತ್ರಿ ಎಷ್ಟೊತ್ತಾದರೂ ನನಗೆ ಫೋನ್ ಮಾಡು.

ನಿನ್ನ ಮಾವ