‘ದುಃಖ’ದ ಅರ್ಥವನ್ನು ಕುರಿತು ಮೇಧಾಳಿಗೊಂದು ಪತ್ರ

ಚಿ. ಮೇಧಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಸಾರನಾಥದಲ್ಲಿ ಬುದ್ಧ ಮಾಡಿದ ಮೊದಲ ಉಪದೇಶವನ್ನು ಕುರಿತ ನಿನ್ನ ಪ್ರಬಂಧವನ್ನು ನಿಧಾನವಾಗಿ ಓದಿ ಸಂತೋಷಪಟ್ಟೆ. ಆದರೆ ‘ಬದುಕೆಲ್ಲ ದುಃಖವೆಂದು ಬುದ್ಧ ಹೇಳಿದ’ ಎಂಬ ಸಾಲನ್ನು ಹಾಗೆಯೇ ಅಚ್ಚಿಗೆ ಕೊಡಬೇಡ.

ಕನ್ನಡದಲ್ಲಿ ದುಃಖವೆಂದರೆ ಸಾವಿನ ಮನೆಯ ಅಳು ಕಣ್ಣ ಮುಂದೆ ಬರುತ್ತದೆ. ದುಃಖ ಉಕ್ಕಿತು, ಒತ್ತರಿಸಿ ಬಂತು ಎನ್ನುತ್ತೇವೆಯೇ ಹೊರತು ಹಲ್ಲುನೋವಿಗೆ ಆ ಮಾತನ್ನು ಬಳಸುವುದಿಲ್ಲ. ಆದರೆ ಬುದ್ಧನ ಉಪದೇಶಗಳು ಉಳಿದುಬಂದಿರುವ ಪಾಲಿ ಭಾಷೆಯಲ್ಲಿ ಇದೇ ಪದದ ರೂಪವಾದ ‘ದುಕ್ಖ’ದ ಹರವು ಬಹಳ ದೊಡ್ಡದು. ಆ ಉಪದೇಶದಲ್ಲಿ ಹುಟ್ಟು, ಮುಪ್ಪು, ಸಾವುಗಳಷ್ಟೇ ಅಲ್ಲ, ಒಲ್ಲದವರೊಡನೆ ಇರಬೇಕಾಗುವುದು, ಒಲಿದವರನ್ನು ಅಗಲುವುದು, ಬಯಸಿದ್ದು ಕೈಗೂಡದಿರುವುದು ಇವೂ ದುಕ್ಖವೇ. ಆ ಉಪದೇಶಗಳ ಸಂಗ್ರಹಗಳಲ್ಲೊಂದಾದ ಸಂಯುತ್ತ ನಿಕಾಯವು ದುಕ್ಖದುಕ್ಖತಾ, ವಿಪರಿಣಾಮದುಕ್ಖತಾ, ಸಂಖಾರದುಕ್ಖತಾ ಎಂದು ಮೂರು ಬಗೆ ಹೇಳುತ್ತದೆ: ನೇರವಾದ ನೋವು, ಸುಖ ಬದಲಾಗಿಬಿಡುವುದರ ನೋವು, ಮತ್ತು ಕಾರಣಗಳು ಕೂಡಿ ಉಂಟಾದ ಯಾವುದೂ ನೆಚ್ಚಿ ನಿಲ್ಲುವಂಥದ್ದಲ್ಲ ಎಂಬ ಸ್ಥಿತಿ. ಮದುವೆ ಮನೆಯಲ್ಲಿ ಹೋಳಿಗೆ ಉಂಡು ನಗುತ್ತಿರುವವನೂ ಈ ಮೂರನೆಯದರ ಹೊರಗಿಲ್ಲ.

ಪದದ ಹುಟ್ಟಿನ ವಿಷಯದಲ್ಲೂ ಅವಸರ ಮಾಡಬೇಡ. ‘ಖ’ ಎಂದರೆ ರಂಧ್ರ. ಋಗ್ವೇದದಲ್ಲಿ ‘ಸುಖ’ ಎಂಬುದು ರಥದ ವಿಶೇಷಣ: ಅಚ್ಚು ಕೂರುವ ತೂತು ಸರಿಯಾಗಿದ್ದು ಹಗುರವಾಗಿ ಓಡುವಂಥದ್ದು. ಅದಕ್ಕೆ ಎದುರಾದದ್ದೇ ದುಃಖ ಎಂಬುದು ಹೆಸರಾದ ವಿವರಣೆ. ಎತ್ತಿನ ಗಾಡಿ ಹೊಡೆದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ತೂತು ಸವೆದ ಗಾಲಿ ಎಷ್ಟು ಕೀಲೆಣ್ಣೆ ಹಚ್ಚಿದರೂ ವಾಲಾಡುತ್ತದೆ, ಕಿರುಗುಟ್ಟುತ್ತದೆ, ಕೂತವನ ಸೊಂಟಕ್ಕೆ ದಾರಿಯುದ್ದಕ್ಕೂ ಕುಲುಕು ತಪ್ಪುವುದಿಲ್ಲ. ನನಗೂ ಇದು ಬಹಳ ಇಷ್ಟವಾದ ವಿವರಣೆ. ಆದರೂ 1899ರ ಮೋನಿಯರ್ ವಿಲಿಯಮ್ಸ್ ಸಂಸ್ಕೃತ-ಇಂಗ್ಲಿಷ್ ನಿಘಂಟು, ‘ದುಃಸ್ಥ’ ಎಂಬುದೇ ಪ್ರಾಕೃತದ ಬಾಯಲ್ಲಿ ‘ದುಃಖ’ವಾಗಿರುವ ಸಂಭವ ಹೆಚ್ಚೆನ್ನುತ್ತದೆ. ದುಃಸ್ಥವೆಂದರೆ ನೆಲೆ ಕೆಟ್ಟದ್ದು. ನೀನು ಎರಡನ್ನೂ ಓದುಗರ ಮುಂದಿಡು. ಬುದ್ಧನ ಮನಸ್ಸಿನಲ್ಲಿ ಗಾಲಿಯೇ ಇತ್ತೆಂದು ಮಾತ್ರ ಬರೆಯಬೇಡ. ಎರಡು ಮೂಲಗಳಲ್ಲಿಯೂ ಅಳುವಿನ ಸುಳಿವಿಲ್ಲ, ಸರಿಯಾಗಿ ಕೂರದಿರುವ, ನಿಲ್ಲದಿರುವ ಅವಸ್ಥೆಯಿದೆ ಎಂಬುದನ್ನು ಗಮನಿಸಿದರೆ ಪಾಲಿಯ ಆ ಮೂರನೆಯ ಅರ್ಥ ನಿನಗೆ ಹತ್ತಿರವಾಗುತ್ತದೆ.

ಆದುದರಿಂದ ಪ್ರಬಂಧದಲ್ಲಿ ‘ದುಕ್ಖ’ವನ್ನು ಹಾಗೆಯೇ ಉಳಿಸಿಕೊಂಡು, ಸಂದರ್ಭಕ್ಕೆ ತಕ್ಕಂತೆ ನೋವು, ಅತೃಪ್ತಿ, ಅಸ್ಥಿರತೆ ಎಂದು ಬಿಡಿಸಿ ಹೇಳು. ಅದೇ ಉಪದೇಶದಲ್ಲಿ ದುಕ್ಖಕ್ಕೆ ತೃಷ್ಣೆ ಕಾರಣವೆಂದೂ, ಅದಕ್ಕೆ ಕೊನೆಯುಂಟೆಂದೂ, ಅಲ್ಲಿಗೆ ಹೋಗಲು ಎಂಟು ಅಂಗಗಳ ದಾರಿಯುಂಟೆಂದೂ ಹೇಳಿದೆ. ಅದನ್ನೆಲ್ಲ ಬಿಟ್ಟು ಮೊದಲ ಮಾತೊಂದನ್ನೇ ಎತ್ತಿ ತೋರಿಸಿದರೆ ಬುದ್ಧನಿಗೆ ಅನ್ಯಾಯವಾಗುತ್ತದೆ. ತಿದ್ದಿದ ಪ್ರತಿಯನ್ನು ಅಚ್ಚಿಗೆ ಕೊಡುವ ಮೊದಲು ನನಗೊಮ್ಮೆ ಕಳುಹಿಸು.

ಇತಿ,
ನಿನ್ನ ದೊಡ್ಡಪ್ಪ